ಸೀಮೆ ಇಲ್ಲದ ದ್ರಾಕ್ಷಿ

ಕಳೆದ ಚಳಿಗಾಲದಲ್ಲಿ ದೆಹಲಿಯ ಪ್ರವಾಸ ಸಂಸ್ಥೆಯೊಂದಕ್ಕೆ 32 ಪುಟದ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಇಟಲಿಯ ವೈವಿಧ್ಯಮಯ ವೈನ್ ಪ್ರದೇಶಗಳ ಬಗ್ಗೆ. ಹಣವಿರುವ ಬೆಂಗಳೂರಿನವರು ಈಗ ಟಸ್ಕನಿಗೆ ಹೋಗುತ್ತಾರಂತೆ, ಹೋಗುವ ಮುಂಚೆ ಕನ್ನಡದಲ್ಲಿ ಓದಿದರೆ ಖುಷಿಪಡುತ್ತಾರಂತೆ. ಸಂಸ್ಥೆಯ ನಂಬಿಕೆ ಅದು. ನನ್ನದು ಪದಕ್ಕಿಷ್ಟು ಎಂಬ ಲೆಕ್ಕ.

ಬಿಡುಗಡೆ ಚಾಣಕ್ಯಪುರಿಯ ಒಂದು ಹೋಟೆಲಿನಲ್ಲಿತ್ತು. ಐದು ಭಾಷೆಗಳ ಐವರು ಅನುವಾದಕರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಅಚ್ಚಾದ ಪ್ರತಿ ಕೈಗೆ ಬಂದಾಗ ನನ್ನ ಮೂರು ಪದಗಳು ಬದಲಾಗಿದ್ದು ಕಂಡಿತು. ನಾನು ಬರೆದಿದ್ದ ‘ದ್ರಾಕ್ಷಿಸೀಮೆ’ ಎಲ್ಲ ಕಡೆ ‘ವೈನ್ ಪ್ರದೇಶ’ ಆಗಿತ್ತು. ‘ಮಣ್ಣಿನ ಗುಣ’ ಹೋಗಿ ‘ಟೆರ್‌ವಾರ್’ ಬಂದಿತ್ತು. ಇವೆರಡನ್ನೂ ಸಹಿಸಬಹುದು, ಕೂಲಿಗೆ ಬರೆಯುವವಳಿಗೆ ಪದದ ಮೇಲೆ ಹಕ್ಕಿಲ್ಲ. ಮೂರನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂಲದಲ್ಲಿ ‘ದ್ರಾಕ್ಷಿ ಬೆಳೆಯುವವರು’ ಎಂದಿದ್ದಲ್ಲೆಲ್ಲ ನಾನು ‘ರೈತರು’ ಎಂದು ಬರೆದಿದ್ದೆ. ಒಂದೂ ಉಳಿದಿರಲಿಲ್ಲ, ಅಷ್ಟೂ ಕಡೆ ‘ವೈನ್ ಕುಟುಂಬಗಳು’. ಕೇಳಿದ್ದಕ್ಕೆ ಸಂಸ್ಥೆಯ ಯುವಕ ವಿನಯದಿಂದಲೇ ಹೇಳಿದ: ‘ಮೇಡಂ, ರೈತ ಅಂದ ಕೂಡಲೇ ಓದುವವರಿಗೆ ಬೇರೆ ಚಿತ್ರ ಬರುತ್ತೆ.’

ಯಾವ ಚಿತ್ರ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಪ್ರಬಂಧ ಆಗ ಕೇಳದೆ ಬಿಟ್ಟಿದ್ದಕ್ಕೆ.

‘ಸೀಮೆ’ಯಿಂದ ಆರಂಭಿಸುತ್ತೇನೆ. ಆ ಪದದಲ್ಲಿ ಎರಡು ಅರ್ಥ ಒಟ್ಟಿಗೆ ಕೂತಿವೆ. ಬಯಲುಸೀಮೆ ಅಂದಾಗ ಅದು ನಾಡು, ಸೀಮೋಲ್ಲಂಘನ ಅಂದಾಗ ಅದು ಗಡಿ. (ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಯ ಸೀಮೆ ಮತ್ತೊಂದು, ಗಡಿಯಾಚೆಯಿಂದ ಬಂದದ್ದು. ಕೈಪಿಡಿಯ ಓದುಗರಿಗೆ ಬೇಕಿದ್ದದ್ದು ಬಹುಶಃ ಈ ಸೀಮೆಯೇ.) ‘ಪ್ರದೇಶ’ದಲ್ಲಿ ಗಡಿಯ ಅರ್ಥ ಸತ್ತುಹೋಗಿದೆ, ಅದು ಭೂಪಟದ ಮೇಲಿನ ಬಣ್ಣ. ಇಟಲಿಯ ಕಥೆಯೆಲ್ಲ ಇರುವುದು ಗಡಿಯಲ್ಲಿ.

ಕೈಪಿಡಿಯ ಪ್ರಕಾರ ಟಸ್ಕನಿಯ ಕ್ಯಾಂಟಿ ಎಂದರೆ ಸೈಪ್ರೆಸ್ ಮರ, ಸಂಜೆ ಬಿಸಿಲು, ಕಲ್ಲಿನ ಮನೆ. ಕೈಪಿಡಿ ಬಿಟ್ಟದ್ದು ಇದು: 1716ರಲ್ಲಿ ಟಸ್ಕನಿಯ ದೊರೆ ಮೂರನೇ ಕೊಸಿಮೊ ಕ್ಯಾಂಟಿ ಎಂಬ ಹೆಸರು ಎಲ್ಲಿಂದ ಎಲ್ಲಿಯವರೆಗೆ ಎಂದು ಶಾಸನ ಹೊರಡಿಸಿ ಗಡಿ ಹಾಕಿದ. ಹೆಸರಿಗೆ ಬೆಲೆ ಬಂದಮೇಲೆ ಸುತ್ತಲಿನವರೂ ತಮ್ಮದೂ ಕ್ಯಾಂಟಿಯೇ ಅನ್ನತೊಡಗಿದರು. 1924ರಲ್ಲಿ ಹಳೆಯ ಸೀಮೆಯ 33 ಬೆಳೆಗಾರರು ರಾದ್ದಾ ಎಂಬ ಊರಿನಲ್ಲಿ ಸೇರಿ ಸಂಘ ಕಟ್ಟಿ, ಕಪ್ಪು ಹುಂಜವನ್ನು ಗುರುತಾಗಿ ಇಟ್ಟುಕೊಂಡರು. ಆದರೂ 1932ರಲ್ಲಿ ಸರ್ಕಾರ ಹೆಸರನ್ನು ಅಗಲ ಮಾಡಿತು, ಹಳಬರಿಗೆ ‘ಕ್ಲಾಸಿಕೊ’ ಎಂಬ ಬಾಲ ಸಿಕ್ಕಿತು. ಈಗಲೂ ಅಂಗಡಿಯ ಸೀಸೆಯ ಕತ್ತಿನ ಮೇಲಿರುವ ಆ ಹುಂಜ ಅಲಂಕಾರಕ್ಕಲ್ಲ, ಅದು ಬೇಲಿಯ ಗೂಟ.

ಪ್ರೊಸೆಕ್ಕೊ ಕಥೆ ಇನ್ನೂ ಮಜವಾದದ್ದು, ಭಾಷಾಶಾಸ್ತ್ರ ಓದಿದವರು ತರಗತಿಯಲ್ಲಿ ಹೇಳಬೇಕಾದದ್ದು. ಪ್ರೊಸೆಕ್ಕೊ ಎಂಬುದು ದ್ರಾಕ್ಷಿ ತಳಿಯ ಹೆಸರಾಗಿತ್ತು. ತಳಿಯ ಹೆಸರನ್ನು ಯಾರೂ ಬೇಲಿ ಹಾಕಿ ಇಟ್ಟುಕೊಳ್ಳಲಾಗದು, ಆಸ್ಟ್ರೇಲಿಯಾದವನೂ ಬಳ್ಳಿ ನೆಟ್ಟು ಅದೇ ಹೆಸರು ಬರೆಯಬಹುದು. ಆದರೆ ಟ್ರಿಯೆಸ್ಟ್ ಬಳಿ ಪ್ರೊಸೆಕ್ಕೊ ಎಂಬ ಹಳ್ಳಿಯೂ ಇದೆ. 2009ರಲ್ಲಿ ಇಟಲಿಯವರು ತಳಿಗೆ ‘ಗ್ಲೆರಾ’ ಎಂದು ಹೆಸರಿಟ್ಟರು, ಆ ಹಳ್ಳಿಯೂ ಒಳಗೆ ಬರುವಷ್ಟು ದೊಡ್ಡ ಗಡಿ ಎಳೆದರು, ಇನ್ನು ಪ್ರೊಸೆಕ್ಕೊ ಎಂದರೆ ಸ್ಥಳ ಎಂದು ಸಾರಿದರು. ಒಂದು ನಾಮಪದವನ್ನು ಗಿಡದಿಂದ ಕಿತ್ತು ನೆಲಕ್ಕೆ ನೆಟ್ಟರು! ನ್ಯಾಯವೋ ಅನ್ಯಾಯವೋ, ಹೆಸರಿನ ಬೆಲೆ ಗೊತ್ತಿದ್ದವರ ಕೆಲಸ. ಅದೇ ಇಟಲಿ ಇನ್ನೊಂದು ಕಡೆ ಸೋತಿತು. ಫ್ರಿಯೂಲಿಯ ‘ತೊಕಾಯ್’ ವೈನು ಹಂಗೇರಿಯ ತೊಕಾಯ್ ಸೀಮೆಯ ಹೆಸರಿಗೆ ಅಡ್ಡ ಬರುತ್ತದೆಂದು 2007ರಿಂದ ಆ ಪದ ಬಿಡಬೇಕಾಯಿತು. ಈಗದು ಬರೀ ‘ಫ್ರಿಯುಲಾನೊ’.

ಕೈಪಿಡಿ ಇದನ್ನೆಲ್ಲ ಪ್ರಕೃತಿಯ ವೈವಿಧ್ಯ ಎನ್ನುತ್ತದೆ. ಮಣ್ಣು, ಗಾಳಿ, ಇಳಿಜಾರು ಸುಳ್ಳಲ್ಲ. ಆದರೆ ಅವು ನಮ್ಮಲ್ಲೂ ಇವೆ. ಇಟಲಿಯಲ್ಲಿ ಹೆಚ್ಚಾಗಿ ಇರುವುದು ಜಗಳ. ಮೂರು ಶತಮಾನ ಹೆಸರಿಗಾಗಿ ಜಗಳವಾಡಿದವರನ್ನು ‘ಕುಟುಂಬಗಳು’ ಎಂದು ಕರೆದು ಮೇಜಿನ ಸುತ್ತ ನಗುತ್ತ ಕೂರಿಸಿದರೆ, ಓದುವ ಕನ್ನಡಿಗನಿಗೆ ಅನಿಸುವುದಿಷ್ಟೇ: ಅವರ ನೆಲ ಪುಣ್ಯದ್ದು, ನಮ್ಮದು ಬರಡು.

ನನ್ನ ಜಗಳ ಈ ಸುಳ್ಳಿನ ಜೊತೆ.

ಅಂದು ಸಂಜೆ ಹೋಟೆಲಿನಿಂದ ಕೌಟಿಲ್ಯ ಮಾರ್ಗದ ಕರ್ನಾಟಕ ಭವನದ ಕಡೆ ನಡೆದೆ. ದಾರಿಯುದ್ದಕ್ಕೂ ಪರದೇಶದ ಬಾವುಟಗಳು, ರಸ್ತೆಗೆ ಮಾತ್ರ ಅರ್ಥಶಾಸ್ತ್ರ ಬರೆದವನ ಹೆಸರು. ಆ ಅರ್ಥಶಾಸ್ತ್ರದ ಎರಡನೇ ಅಧಿಕರಣದಲ್ಲಿ ಸುರಾಧ್ಯಕ್ಷನ ಕೆಲಸದ ಪ್ರಕರಣವಿದೆ. ಅಕ್ಕಿಯ ಮದ್ಯಕ್ಕೆ, ಬೆಲ್ಲದ ಮದ್ಯಕ್ಕೆ ಏನೇನು ಹಾಕಬೇಕು ಎಂದೆಲ್ಲ ಹೇಳುವ ಗ್ರಂಥ ದ್ರಾಕ್ಷಿರಸದ ‘ಮಧು’ವಿಗೆ ಬಂದಾಗ ಪಾಕವನ್ನೇ ಕೊಡುವುದಿಲ್ಲ. ಅದು ಯಾವ ದೇಶದ್ದೋ ಆ ಹೆಸರೇ ಅದರ ವಿವರಣೆ ಎಂದು ಎರಡು ಹೆಸರು ಹೇಳಿ ಮುಗಿಸುತ್ತದೆ: ಕಾಪಿಶಾಯನ, ಹಾರಹೂರಕ. ಕಾಪಿಶಿ ಎಂದರೆ ಕಾಬೂಲಿನ ಉತ್ತರದ ಇಂದಿನ ಬೆಗ್ರಾಮ್ ಎಂದು ಗುರುತಿಸುತ್ತಾರೆ. ಆ ಊರಿನ ಹೆಸರಿಗೆ ಹತ್ತುವ ಪ್ರತ್ಯಯಕ್ಕಾಗಿಯೇ ಪಾಣಿನಿ ಒಂದು ಸೂತ್ರ ಇಟ್ಟಿದ್ದಾನೆ, ವ್ಯಾಖ್ಯಾನಕಾರರು ಅದಕ್ಕೆ ಕೊಡುವ ಉದಾಹರಣೆಗಳು ಮದ್ಯ ಮತ್ತು ದ್ರಾಕ್ಷಿ. ಊರೇ ರುಚಿಯ ಹೆಸರು ಎಂಬ ವಿಚಾರ ಯುರೋಪಿನಿಂದ ಕಲಿಯಬೇಕಾದದ್ದಲ್ಲ. ಮರೆತದ್ದು ನಾವು.

ಮರೆತದ್ದರ ಲೆಕ್ಕ ನನ್ನ ಮನೆಯಲ್ಲೇ ಇದೆ. ನಮ್ಮದು ವಿಜಯಪುರ ಜಿಲ್ಲೆ. ಕಾಕಾನ ಎರಡೂವರೆ ಎಕರೆ ಥಾಮ್ಸನ್ ಸೀಡ್‌ಲೆಸ್. ಕೊಯ್ದ ಗೊನೆಯನ್ನು ಪೊಟ್ಯಾಸಿಯಂ ಕಾರ್ಬೊನೇಟು, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹರಡುತ್ತಾರೆ. ಎರಡು ವಾರ ಮೋಡ ಕಂಡರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಕೈಪಿಡಿಯಲ್ಲಿ ವೆನೆಟೊದ ಅಮರೋನೆಗೆ ಎರಡು ಪುಟ ಇತ್ತು: ದ್ರಾಕ್ಷಿಯನ್ನು ತಿಂಗಳುಗಟ್ಟಲೆ ತಟ್ಟೆಗಳ ಮೇಲೆ ಬಾಡಿಸಿ ರಸ ತೆಗೆಯುವ ‘ಪ್ರಾಚೀನ ಕಲೆ’. ಸಿಸಿಲಿಯ ಆಚೆಯ ಪಾಂಟೆಲೇರಿಯಾ ದ್ವೀಪಕ್ಕೆ ಇನ್ನೊಂದು. ಅಲ್ಲಿ ಗಾಳಿಗೆ ಬಗ್ಗದಂತೆ ಬಳ್ಳಿಯನ್ನು ಗುಂಡಿಯೊಳಗೆ ಕುಳ್ಳಗೆ ಬೆಳೆಸುವ ಪದ್ಧತಿಯನ್ನು 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿತು. ಆ ದ್ವೀಪದ ತಳಿಯ ಹೆಸರು ‘ಝಿಬಿಬ್ಬೊ’. ಅರಬ್ಬಿಯ ‘ಝಬೀಬ್’, ಅಂದರೆ ಒಣದ್ರಾಕ್ಷಿ. ಅದನ್ನು ಅನುವಾದಿಸುವಾಗ ಮೂಗಿಗೆ ಕಾಕಾನ ಶೆಡ್ಡಿನ ವಾಸನೆ ಬಂತು. ಅಲ್ಲಿ ಕಲೆ, ಇಲ್ಲಿ ಕೂಲಿ.

ಅವನಿಗೆ ಫೋನ್ ಮಾಡಿ, ‘ಕಾಕಾ, ಈ ಸಲ ಮಾಲು ಎಲ್ಲಿಗಿ ಹಾಕಿದ್ರಿ?’ ಅಂದೆ.

‘ಎಲ್ಲಿಗವಾ, ತಾಸಗಾಂವಕ್ಕ. ಅಲ್ಲೇ ಕೋಲ್ಡ್ ಸ್ಟೋರೇಜ್, ಅಲ್ಲೇ ಸವಾಲ.’

‘ನಮ್ಮೂರ ಮಾಲು ಅಂತ ಬರೀತಾರ ಏನ್ರಿ?’

‘ಬಾಕ್ಸಿನ ಮ್ಯಾಲ ವ್ಯಾಪಾರಿ ಹೆಸರ ಇರತೈತಿ. ತಗೊಳ್ಳಾಂವಗ ಎಲ್ಲಾ ಸಾಂಗ್ಲೀದs.’

ಸಾಂಗ್ಲಿಯ ಒಣದ್ರಾಕ್ಷಿಗೆ ಜಿಐ ಟ್ಯಾಗ್ ಇದೆ. ಅದನ್ನು ಪಡೆದ ಸಾಂಗ್ಲಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಮಾಡಬೇಕಾದ್ದನ್ನು ಮಾಡಿದರು. ಕೃಷ್ಣೆ ಹರಿದು ನಮ್ಮ ಕಡೆ ಬರುತ್ತಾಳೆ, ನಮ್ಮ ದ್ರಾಕ್ಷಿ ಹೆಸರು ಕಳೆದುಕೊಂಡು ಆ ಕಡೆ ಹೋಗುತ್ತದೆ. ನಾಸಿಕ್ ಕಣಿವೆಯ ವೈನಿಗೂ ಜಿಐ ಇದೆ. ಕರ್ನಾಟಕ 2007ರಲ್ಲೇ ವೈನ್ ನೀತಿ ತಂದಿತು, ಮಂಡಳಿ ಮಾಡಿತು, ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ, ಹಂಪಿ ಬೆಟ್ಟ ಎಂದು ಚೆಂದದ ಹೆಸರುಗಳನ್ನೂ ಇಟ್ಟಿತು. ಹೆಸರಿಟ್ಟವರು ಅಧಿಕಾರಿಗಳು. ನಂದಿ ಕಣಿವೆ ಎಲ್ಲಿ ಮುಗಿಯುತ್ತದೆ ಎಂದು ಹೊಡೆದಾಡಲು ಅಲ್ಲಿ 33 ಜನ ರೈತರಿಲ್ಲ. ಪ್ರದೇಶ ಇದೆ, ಸೀಮೆ ಇಲ್ಲ.

ಒಂದು ತಳಿಗೆ ಮಾತ್ರ ನಮ್ಮ ಊರಿನ ಹೆಸರು ಗಟ್ಟಿಯಾಗಿ ಅಂಟಿದೆ: ಬೆಂಗಳೂರು ಬ್ಲೂ. ಚಿಕ್ಕಬಳ್ಳಾಪುರದ ಕಡೆಯ ದಪ್ಪ ಸಿಪ್ಪೆಯ, ಬೀಜದ ಕಪ್ಪು ದ್ರಾಕ್ಷಿ, ಜಿಐ ಕೂಡ ಇದೆ. ತಜ್ಞರು ಇದನ್ನು ಅಮೆರಿಕದ ಮೂಲದ ಇಸಬೆಲ್ಲಾ ತಳಿಯೊಂದಿಗೆ ಗುರುತಿಸುತ್ತಾರೆ. ಇಸಬೆಲ್ಲಾದಿಂದ ಮಾಡಿದ್ದನ್ನು ವೈನ್ ಎಂದು ಮಾರಲು ಯುರೋಪಿನ ಒಕ್ಕೂಟದ ಕಾನೂನು ಬಿಡುವುದಿಲ್ಲ. ಅದರ ಪರಿಮಳಕ್ಕೆ ಇಂಗ್ಲಿಷ್ ವೈನ್ ಪಂಡಿತರು ನರಿಯ ಹೆಸರಿಟ್ಟು ಮೂಗು ಮುರಿಯುತ್ತಾರೆ. ಇಟಲಿಯ ಹಳ್ಳಿಯವರು ಅದೇ ಹಣ್ಣನ್ನು ಸ್ಟ್ರಾಬೆರಿ ದ್ರಾಕ್ಷಿ ಎಂದು ಕರೆದು ಮನೆಮಟ್ಟಿಗೆ ಹಿಂಡಿಕೊಳ್ಳುತ್ತಾರೆ. ಕೈಪಿಡಿಯ ಇಪ್ಪತ್ತು ಪ್ರಾಂತ್ಯಗಳ ವೈವಿಧ್ಯದಲ್ಲಿ ಈ ಹಣ್ಣಿಗೆ ಜಾಗವಿರಲಿಲ್ಲ. ಇದ್ದಿದ್ದರೆ ಕನ್ನಡಿಗರು ಇಟಲಿಯಲ್ಲಿ ಗುರುತು ಹಿಡಿಯಬಲ್ಲ ಒಂದೇ ಒಂದು ದ್ರಾಕ್ಷಿ ಅದಾಗಿರುತ್ತಿತ್ತು.

ಜಿಐ ಟ್ಯಾಗ್ ಸಿಕ್ಕರೆ ಹೊಟ್ಟೆ ತುಂಬುತ್ತದೆಯೇ ಎಂದು ನೀವು ಕೇಳಬಹುದು. ತುಂಬುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಟ್ಯಾಗ್ ಬಂದು ವರ್ಷಗಳಾದ ಮೇಲೂ 2024ರ ಮಾರ್ಚಿನಲ್ಲಿ ದರ ಕುಸಿದು ರೈತರು ಬ್ಯಾಡಗಿ ಎಪಿಎಂಸಿಗೆ ನುಗ್ಗಿ ವಾಹನ ಸುಟ್ಟರು. (ನಮ್ಮ ಪತ್ರಿಕೆಗಳು ಟ್ಯಾಗನ್ನು ‘ಭೌಗೋಳಿಕ ಸೂಚ್ಯಂಕ’ ಎಂದು ಬರೆಯುತ್ತವೆ. ಸೂಚ್ಯಂಕ ಏರಿಳಿಯುವಂಥದ್ದು, ಷೇರುಪೇಟೆಯದು. ತಪ್ಪು ಅನುವಾದವಾದರೂ ಬ್ಯಾಡಗಿಯ ಮಟ್ಟಿಗೆ ನಿಜವಾಯಿತು.) ಟ್ಯಾಗ್ ಎಂದರೆ ಕಾಗದ. ಅದನ್ನು ಕಾಯುವ ಬೆಳೆಗಾರರ ಸಂಘ, ಸೀಸೆ ಬಿಚ್ಚಿ ಪರೀಕ್ಷಿಸುವ ವ್ಯವಸ್ಥೆ, ಸುಳ್ಳು ಹೆಸರು ಹಾಕಿದವನನ್ನು ಕೋರ್ಟಿಗೆ ಎಳೆಯುವ ದುಡ್ಡು, ಇವಿಲ್ಲದೆ ಅದು ಗೋಡೆಗೆ ನೇತುಹಾಕುವ ಸರ್ಟಿಫಿಕೇಟು. ಇಟಲಿಯವರೂ ಸಾಧುಗಳಲ್ಲ. 1986ರಲ್ಲಿ ಅಲ್ಲಿ ಮೆಥನಾಲ್ ಬೆರೆಸಿದ ವೈನು ಕುಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹೆಸರು ಹಾಳಾದರೆ ಏನಾಗುತ್ತದೆ ಎಂದು ಅವರಿಗೆ ಆಗ ಗೊತ್ತಾಯಿತು, ಕಾನೂನು ಬಿಗಿಯಾಯಿತು. ಕೈಪಿಡಿಯಲ್ಲಿ ಅದೂ ಇಲ್ಲ.

2022ರಲ್ಲಿ ಯುರೋಪಿನ ಒಕ್ಕೂಟದೊಂದಿಗೆ ಭಾರತದ ಮಾತುಕತೆ ಮತ್ತೆ ಶುರುವಾದಾಗ ವಿಷಯಗಳು ಮೂರು: ವ್ಯಾಪಾರ, ಹೂಡಿಕೆ, ಭೌಗೋಳಿಕ ಹೆಸರುಗಳು. ಹೆಸರಿಗೇ ಪ್ರತ್ಯೇಕ ಮೇಜು ಹಾಕಿದ್ದರು. ಅತ್ತ ಕಡೆಯವರು ಅಂಥ ಮೇಜಿಗೆ ಬರುವಾಗ ಕ್ಯಾಂಟಿ, ಬರೋಲೊ, ಪ್ರೊಸೆಕ್ಕೊ ಎಂದು ಉದ್ದನೆಯ ಪಟ್ಟಿ ಹಿಡಿದೇ ಬರುತ್ತಾರೆ. ನಮ್ಮ ಪಟ್ಟಿಯಲ್ಲಿ ವಿಜಯಪುರದ ದ್ರಾಕ್ಷಿ ಇರಬೇಕಾದರೆ ಮೊದಲು ವಿಜಯಪುರದಲ್ಲಿ ಯಾರಾದರೂ ಅದನ್ನು ಬರೆದಿರಬೇಕು. ಹೆಸರು ಕೇಳಬೇಕಾದವರು ರೈತರು, ಕೇಳಿದ ಹೆಸರನ್ನು ಬರೆಯಬೇಕಾದವರು ನನ್ನಂಥವರು. ನಾನು ಆ ಹೊತ್ತಿನಲ್ಲಿ ಅಮರೋನೆಯ ವಾಸನೆಗೆ ಕನ್ನಡದಲ್ಲಿ ವಿಶೇಷಣ ಹುಡುಕುತ್ತ ಕೂತಿದ್ದೆ, ಪದಕ್ಕಿಷ್ಟು ಎಂದು.

ಭವನದ ಕ್ಯಾಂಟೀನಿನಲ್ಲಿ ಅಂದು ಕೇಸರಿಬಾತ್ ಇತ್ತು. ಅದರಲ್ಲಿನ ದ್ರಾಕ್ಷಿ ಎಲ್ಲಿಯದೆಂದು ಬಡಿಸುವವರನ್ನು ಕೇಳಿದೆ. ‘ಐಎನ್ಎ ಮಾರ್ಕೆಟಿಂದು, ಮೇಡಂ,’ ಅಂದರು.

ಕೈಪಿಡಿಯ ಎರಡನೇ ಮುದ್ರಣಕ್ಕೆ ತಿದ್ದುಪಡಿ ಇದ್ದರೆ ಕಳಿಸಿ ಎಂದು ಕಳೆದ ತಿಂಗಳು ಸಂಸ್ಥೆಯಿಂದ ಮೇಲ್ ಬಂದಿತ್ತು. ‘ಸೀಮೆ’ಯನ್ನೂ ‘ಮಣ್ಣಿನ ಗುಣ’ವನ್ನೂ ಬಿಟ್ಟುಕೊಟ್ಟೆ. ‘ರೈತರು’ ಎಂಬುದನ್ನು ಎಲ್ಲೆಲ್ಲಿ ತೆಗೆದಿದ್ದರೋ ಅಲ್ಲೆಲ್ಲ ಮತ್ತೆ ಹಾಕಿ, ಕೆಂಪು ಬಣ್ಣ ಹಚ್ಚಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.