ಮನೆಯಲ್ಲೇ ಇಂಗ್ಲಿಷ್: ‘ಫೆಲ್’ ಸರಿಯೋ, ‘ಫಾಲನ್’ ಸರಿಯೋ?



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿ ಮನಸ್ಸಿಗೆ ಪಿಚ್ಚೆನಿಸಿತು. ಮಗನಿಗೆ ಜ್ವರ ಬಂದು ಮೂರು ದಿನ ಶಾಲೆ ತಪ್ಪಿತ್ತು. ಆ ತಾಯಿ ತಾವೇ ಇಂಗ್ಲಿಷಿನಲ್ಲಿ ರಜೆಚೀಟಿ ಬರೆದು ಕಳಿಸಿದರಂತೆ, ‘ಮೈ ಸನ್ ಹ್ಯಾಸ್ ಫೆಲ್ ಇಲ್’ ಅಂತ. ಟೀಚರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ನಕ್ಕರಂತೆ. ಸಂಜೆ ಹುಡುಗ ಬಂದು, “ಅಮ್ಮಾ, ಇನ್ಮೇಲೆ ಚೀಟಿ ಅಪ್ಪನ ಕೈಲೇ ಬರೆಸು” ಅಂದನಂತೆ.

“ನನ್ನ ತಪ್ಪೇನು, ತಿಳಿಸಿ” ಎಂದು ಕೇಳಿದ್ದಾರೆ. ತಪ್ಪಿರುವುದು ಒಂದೇ ಒಂದು ಪದದಲ್ಲಿ. ನಕ್ಕವರದ್ದು ಅದಕ್ಕಿಂತ ದೊಡ್ಡ ತಪ್ಪು, ಅದಿರಲಿ.

ಇಂಗ್ಲಿಷ್ ಕ್ರಿಯಾಪದಕ್ಕೆ ಮೂರು ರೂಪ: ಫಾಲ್, ಫೆಲ್, ಫಾಲನ್. ‘ನಿನ್ನೆ ಬಿದ್ದ’ ಅನ್ನಲು ಎರಡನೆಯದು ಸಾಕು. ಹ್ಯಾಸ್, ಹ್ಯಾವ್, ಹ್ಯಾಡ್ ಬಂತೋ, ಜೊತೆಗೆ ಮೂರನೆಯದೇ ಬರಬೇಕು: ‘ಹ್ಯಾಸ್ ಫಾಲನ್ ಇಲ್’. ಇದಕ್ಕೇ ಪಾಸ್ಟ್ ಪಾರ್ಟಿಸಿಪಲ್ ಅನ್ನೋದು. ನಮ್ಮ ‘ಹುರಿದ ಕಡಲೆ’, ‘ಬೇಯಿಸಿದ ಆಲೂಗಡ್ಡೆ’ಯ ಹಾಗೆ ಇದು ವಸ್ತುವಿನ ಹೆಸರಿಗೆ ಮುಂಚೆಯೂ ಬರುತ್ತೆ: ಫ್ರೈಡ್ ರೈಸ್, ಬಾಯಿಲ್ಡ್ ಎಗ್.

ಸಾಮಾನ್ಯವಾಗಿ ಕೊನೆಗೆ ಇ, ಡಿ ಸೇರಿಸಿದರೆ ಮುಗೀತು. ಫ್ರೈ, ಡ್ರೈ ಇಂಥವಲ್ಲಿ ಕೊನೆಯ ವೈ ತೆಗೆದು ಐ ಹಾಕಿ, ಆಮೇಲೆ ಇ, ಡಿ. ಚಾಪ್‌ಗೆ ಪಿ ಎರಡು ಸಲ. ಓದುವಾಗ ಹುಷಾರು: ‘ಚಾಪ್ಟ್’ ಅನ್ನಬೇಕು, ‘ಚಾಪೆಡ್’ ಅಲ್ಲ. ಪದದ ಕೊನೆಯಲ್ಲಿ ಮೊದಲೇ ಟಿ ಅಥವಾ ಡಿ ಸದ್ದು ಇದ್ದರೆ ಮಾತ್ರ ‘ರೋಸ್ಟೆಡ್’, ‘ಸಾಲ್ಟೆಡ್’ ಅಂತ ಎಳೆಯೋದು.

ತಲೆನೋವೆಲ್ಲ ಅಡ್ಡದಾರಿ ಹಿಡಿದ ಪದಗಳದ್ದು. ಕಟ್, ಪುಟ್, ಶಟ್ ಮೂರೂ ರೂಪದಲ್ಲಿ ಕದಲೋದೇ ಇಲ್ಲ, ಪಾಪದವು. ಬ್ರಿಂಗ್ ‘ಬ್ರಾಟ್’, ಟೀಚ್ ‘ಟಾಟ್’ ಆಗಿ ಎರಡನೆಯದೂ ಮೂರನೆಯದೂ ಒಂದೇ. ಗ್ರೈಂಡ್ ‘ಗ್ರೌಂಡ್’ ಆಗುತ್ತೆ. ಮಸಾಲೆ ಪೊಟ್ಟಣದ ಮೇಲಿನ ‘ಗ್ರೌಂಡ್’ ನೆಲವಲ್ಲ, ಅರೆದದ್ದು, ಪುಡಿ ಮಾಡಿದ್ದು ಅಂತ. ಬ್ರೇಕ್, ಈಟ್, ರೈಟ್, ಸ್ಪೀಕ್‌ಗಳಿಗೆ ಕೊನೆಯಲ್ಲಿ ಎನ್: ಬ್ರೋಕನ್, ಈಟನ್, ರಿಟನ್, ಸ್ಪೋಕನ್. ನಮ್ಮ ಫಾಲನ್ ಈ ಗುಂಪಿನದು. ಡ್ರಿಂಕ್, ಡ್ರ್ಯಾಂಕ್, ಡ್ರಂಕ್ ಇನ್ನೊಂದು ಬಗೆ. ಕಮ್ ಅಂತೂ ‘ಕೇಮ್’ ಆಗಿ ಮತ್ತೆ ‘ಕಮ್’ಗೇ ವಾಪಸ್ಸು!

ಹೀಗೇಕೆ ಅಂತೀರಾ? ಇವೆಲ್ಲ ಹಳೇ ಪದಗಳು, ದಿನಾ ಬಾಯಲ್ಲಿ ಓಡಾಡಿ ಹಳೇ ರೂಪ ಉಳಿಸಿಕೊಂಡಿವೆ. ಗೋ, ಡೂ, ಸೇ, ಟೇಕ್, ಸೀ ಎಲ್ಲ ಇದೇ ಜಾತಿ. ಈಚೆಗೆ ಬಂದ ಮೈಕ್ರೋವೇವ್ ಸುಮ್ಮನೆ ‘ಮೈಕ್ರೋವೇವ್ಡ್’.

ನಮ್ಮಲ್ಲೇನು ಕಡಿಮೆಯೇ? ‘ಮಾಡು’ ‘ಮಾಡಿದ’ ಆದರೆ, ‘ತರು’ ‘ತಂದ’, ‘ಏಳು’ ‘ಎದ್ದ’, ‘ಸಾಯು’ ‘ಸತ್ತ’. ಯಾರಾದರೂ ಕೂರಿಸಿ ಕಲಿಸಿದರೇನು?

ದಿನಕ್ಕೆ ನಾಲ್ಕು ಪದದ ಮೂರೂ ರೂಪ ಬರೆದು ಒಗ್ಗರಣೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಆ ತಾಯಿಗೆ ಇನ್ನೊಂದು ಮಾತು: ಮುಂದಿನ ಚೀಟಿಯನ್ನೂ ನೀವೇ ಬರೆಯಿರಿ. ಮಗ ಬೇಡ ಅಂದರೆ, ‘ಬೀಳು’ ಅನ್ನೋದು ‘ಬೀಳಿದ’ ಆಗದೆ ‘ಬಿದ್ದ’ ಯಾಕಾಯ್ತು ಹೇಳಪ್ಪಾ, ಅಂತ ಅವನನ್ನೇ ಕೇಳಿ.