ಆಟದಲ್ಲಿ ಸಿಗದ ಸಾಕ್ರೆಟೀಸ್

ಪಾಳಿ ಮುಗಿಸಿ ಬಂದ ಹುಡುಗರು ಕಂಪ್ಯೂಟರಿನ ಮುಂದೆ ಕೂತು ಕತ್ತಿಯಾಟ ಆಡುತ್ತಾರೆಂದು ಹಿರಿಯರು ಗೊಣಗುವುದುಂಟು. ನಾನೂ ಗೊಣಗಿದವನೇ. ಆದರೆ ಮೊನ್ನೆ ಒಬ್ಬ ತರುಣ ತೋರಿಸಿದ ಆಟದಲ್ಲಿ ನನ್ನ ಹಳೆಯ ಪರಿಚಿತನೊಬ್ಬ ಸಿಕ್ಕಿದ. ಯೂಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ 2018ರಲ್ಲಿ ಹೊರತಂದ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ ಎಂಬುದು ಆ ಆಟ. ಕ್ರಿ.ಪೂ. 431ರಲ್ಲಿ ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿಕೊಂಡ ಕಾಲದ ಕಥೆ. ಪೆರಿಕ್ಲೀಸನ ಮನೆಯ ಔತಣದಲ್ಲಿ ಸಾಕ್ರೆಟೀಸ್ ಎದುರಾಗುತ್ತಾನೆ, ಸರಿ ಯಾವುದು ತಪ್ಪು ಯಾವುದು ಎಂದು ಪೀಡಿಸುತ್ತಾನೆ. ಉತ್ತರವನ್ನು ಆಡುವವನೇ ಆರಿಸಬೇಕು. ಚೆನ್ನಾಗಿಯೇ ಇದೆ.

ಆದರೆ ಆಟ ಯುದ್ಧದ ಮೊದಲ ಹತ್ತು ವರ್ಷಗಳೊಳಗೇ ನಿಂತುಬಿಡುತ್ತದೆ. ಕ್ರಿ.ಪೂ. 399ರ ವಿಚಾರಣೆ ಅದರಲ್ಲಿಲ್ಲ. ದುಡಿಯುವ ನಮಗೆ ಬೇಕಾದದ್ದು ಅದೇ.

ಮೇಷ್ಟರಾಗಿದ್ದಾಗ ವಿಷದ ಬಟ್ಟಲಿನ ಕಥೆಯನ್ನು ನಾನು ಎಷ್ಟು ಸಲ ಹೇಳಿದೆನೋ! ಕಲ್ಲುಕುಟಿಗನ ಮಗ, ಸೂಲಗಿತ್ತಿಯ ಮಗ, ಬರಿಗಾಲಲ್ಲಿ ಪೇಟೆಯಲ್ಲಿ ನಿಂತು ಪ್ರಶ್ನೆ ಕೇಳಿದ, ದುಷ್ಟ ಅಧಿಕಾರಿಗಳು ಕೊಂದರು ಎಂದು ಹೇಳಿ ಮುಗಿಸುತ್ತಿದ್ದೆ. ಮಕ್ಕಳಿಗೆ ಸುಳ್ಳು ಹೇಳಿದೆ. ಕೊಂದವರು ಅಧಿಕಾರಿಗಳಲ್ಲ. ಚೀಟಿ ಎತ್ತಿ ಆರಿಸಿದ ಸುಮಾರು 500 ಮಂದಿ ನಾಗರಿಕರು. ಬಡವರೂ ಬಂದು ಕೂರಲೆಂದು ಅವರಿಗೆ ದಿನಕ್ಕೆ ಮೂರು ಓಬೊಲ್ ಭತ್ಯೆಯಿತ್ತು. (ಹೆಂಗಸರಿಗೂ ಗುಲಾಮರಿಗೂ ಅಲ್ಲಿ ಜಾಗವಿರಲಿಲ್ಲ. ಲಾರಿಯಮ್ಮಿನ ಬೆಳ್ಳಿ ಗಣಿಯಲ್ಲಿ ಸವೆದವರನ್ನು ಯಾರೂ ಮತ ಕೇಳಲಿಲ್ಲ.)

ಅವರ ಸಿಟ್ಟಿಗೆ ಕಾರಣವಿತ್ತು. ಕ್ರಿ.ಪೂ. 404ರಲ್ಲಿ, ಸೋತ ಅಥೆನ್ಸಿನ ಮೇಲೆ ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಮಂದಿ ಸಿರಿವಂತರು ಸವಾರಿ ಮಾಡಿದರು, ಜನರನ್ನು ಕೊಂದು ಆಸ್ತಿ ಕಸಿದರು. ಅವರ ಮುಖಂಡ ಕ್ರಿಟಿಯಸ್ ಒಂದು ಕಾಲಕ್ಕೆ ಸಾಕ್ರೆಟೀಸನ ಒಡನಾಡಿ. ಸಾಕ್ರೆಟೀಸನ ಮೇಲೆ ದೂರು ತಂದವರಲ್ಲಿ ಒಬ್ಬನಾದ ಅನಿಟಸ್ ಚರ್ಮ ಹದ ಮಾಡಿಸುವ ಉದ್ಯಮದವನು. ಆ ಮೂವತ್ತರ ವಿರುದ್ಧ ಹೋರಾಡಿ ಪ್ರಜಾಸತ್ತೆಯನ್ನು ಮರಳಿ ತಂದವರ ಸಾಲಿನವನು.

ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ಜನಸಭೆಯಲ್ಲಿ ಮಾತಾಡಲು ಅಂಜಿದ ಸಿರಿವಂತ ಹುಡುಗ ಕಾರ್ಮಿಡೀಸನಿಗೆ ಸಾಕ್ರೆಟೀಸ್ ಧೈರ್ಯ ಹೇಳಿದ್ದನ್ನು ಶಿಷ್ಯ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಅಲ್ಲಿ ಕೂತವರು ಚಪ್ಪಲಿ ಹೊಲಿಯುವವರು, ಬಡಗಿಗಳು, ಕಮ್ಮಾರರು, ರೈತರು, ವ್ಯಾಪಾರಿಗಳು ತಾನೆ, ಅವರಿಗೇಕೆ ನಾಚುತ್ತೀಯೆ ಎಂಬ ಧಾಟಿ ಅದರದು. ಓದಿದಾಗ ನನಗೆ ಮೈ ಉರಿಯಿತು. ನಿಮಗೂ ಉರಿಯಬೇಕು. ಆ ಹುಡುಗ ಮುಂದೆ ಮೂವತ್ತರ ಕಡೆಯೇ ಸೇರಿದ.

ಆದರೂ ಮನುಷ್ಯನನ್ನು ಪೂರ್ತಿ ನೋಡಬೇಕು. ಸಲಾಮಿಸಿನ ಲಿಯೋನನನ್ನು ಹಿಡಿದು ತನ್ನಿ, ಕೊಲ್ಲಬೇಕು ಎಂದು ಆ ಮೂವತ್ತು ಮಂದಿ ಐವರಿಗೆ ಅಪ್ಪಣೆ ಮಾಡಿದರು. ನಾಲ್ವರು ಹೋದರು, ಸಾಕ್ರೆಟೀಸ್ ಸುಮ್ಮನೆ ಮನೆಗೆ ನಡೆದ. ಅದಕ್ಕೂ ಮೊದಲು, ಕ್ರಿ.ಪೂ. 406ರಲ್ಲಿ, ಜನಸಭೆಯೇ ರೇಗಿ ಸೇನಾಪತಿಗಳನ್ನೆಲ್ಲ ಒಂದೇ ಮತದಲ್ಲಿ ಕೊಲ್ಲಹೊರಟಾಗ, ಇದು ಕಾನೂನಲ್ಲ ಎಂದು ಅಡ್ಡ ನಿಂತವನೂ ಅವನೇ. ಧನಿಕರಿಗೂ ಬಗ್ಗಲಿಲ್ಲ, ಗುಂಪಿಗೂ ಬಗ್ಗಲಿಲ್ಲ. ಇಂಥವನನ್ನು ಕೊಂದದ್ದು ತಪ್ಪು. ನಮ್ಮಂಥ ಕೈಗಳೇ ಕೊಂದವು ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ಮೂವತ್ತೇ ಮತಗಳು ಆಚೆ ಸರಿದಿದ್ದರೆ ಉಳಿಯುತ್ತಿದ್ದನೆಂದು ಪ್ಲೇಟೋನ ಬರಹದಲ್ಲಿದೆ. ಗಲಾಟೆ ಮಾಡಬೇಡಿ, ಹೇಳುವುದನ್ನು ಕೇಳಿ ಎಂದು ಅವನು ನ್ಯಾಯಸಭೆಯನ್ನು ಮತ್ತೆ ಮತ್ತೆ ಬೇಡಿದ್ದೂ ಅಲ್ಲೇ ಇದೆ.

ಆ ಗಲಾಟೆಯನ್ನು ನಾನು ಕೇಳಿದ್ದೇನೆ. ಹೋದ ವರ್ಷ ನಮ್ಮದೇ ಒಂದು ಸಭೆಯಲ್ಲಿ ನೂಲು ಖಾತೆಯ ಕೆಲಸಗಾರನೊಬ್ಬ ಎದ್ದು ನಿಂತು ಮುಷ್ಕರ ನಿಧಿಯ ಲೆಕ್ಕ ಕೇಳಿದ. “ಕೂತ್ಕೊಳ್ಳಯ್ಯಾ, ಮಾಲೀಕರ ಕಡೆಯವನಾ ನೀನು?” ಎಂದು ನಾಲ್ಕು ದಿಕ್ಕಿನಿಂದ ಕೂಗು ಎದ್ದಿತು. ಆತ ಕೂತ. ವೇದಿಕೆಯ ಮೇಲಿದ್ದ ನಾನು ಕಾಗದ ತಿರುವುತ್ತಾ ತಲೆ ತಗ್ಗಿಸಿದೆ. ಅಂದಿನಿಂದ ಆತ ಸಭೆಗೆ ಬಂದಿಲ್ಲ. ಲೆಕ್ಕವನ್ನು ಮುಂದಿನ ಸಭೆಯಲ್ಲಿ ಓದಬೇಕೆಂದು ಬರೆದು ಕೊಟ್ಟಿದ್ದೇನೆ. ಅವನನ್ನು ಕರೆಯಲು ನಾನೇ ಅವನ ಮನೆಗೆ ಹೋಗುವವನಿದ್ದೇನೆ.