ಅಜ್ಜಿಯ ಸೌದೆ, ತಮ್ಮನ ಪೆಲೆಟ್

ಜಯನಗರದ ಮನೆಯಲ್ಲಿ ಅಜ್ಜಿ ಹಂಡೆ ಒಲೆಗೆ ಹಸಿ ಸೌದೆ ಹಾಕೋಕೆ ಬಿಡ್ತಿರಲಿಲ್ಲ. ಹೊಗೆ ಜಾಸ್ತಿ, ಶಾಖ ಕಮ್ಮಿ ಅಂತ. ಜರ್ಮನಿಯಲ್ಲಿರುವ ತಮ್ಮ ಮೊನ್ನೆ, "ಅಕ್ಕ, ಸ್ಟೌಗೆ ಯಾವ ಪೆಲೆಟ್ ತಗೊಳ್ಳಲಿ?" ಅಂದಾಗಲೂ ಲೆಕ್ಕ ಅದೇ.

ಪೆಲೆಟ್ ಅಂದ್ರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಕಡ್ಡಿ. ಪೈನ್, ಸ್ಪ್ರೂಸ್‌ನಂಥ ಮೆದು ಮರದ್ದಾದರೆ ಬೂದಿ ಕಮ್ಮಿ. ಚೀಲದ ಮೇಲೆ 'ಇಎನ್‌ಪ್ಲಸ್ ಎ1' ಗುರುತಿರಲಿ: ತೇವ ಶೇ. 10, ಬೂದಿ ಶೇ. 0.7 ಮೀರುವಂತಿಲ್ಲ. ತಳದಲ್ಲಿ ಪುಡಿ ತುಂಬಿದ್ದರೆ ಬೇಡ. ಲೋಟ ನೀರಿಗೆ ನಾಲ್ಕು ಕಡ್ಡಿ ಹಾಕಿ. ಮುಳುಗಿ, ಉಬ್ಬಿ ಪುಡಿಯಾದರೆ ಸರಿ.

ಗಾಳಿಯಾಡದ ಕೋಣೆಯಲ್ಲಿ ಪೆಲೆಟ್ ರಾಶಿಯಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ವಾಸನೆಯಿಲ್ಲದ ವಿಷ ಅದು. ಬಿಟಿಎಂ ಪಿಜಿಯಲ್ಲಿ ಡಿಸೆಂಬರ್ ಚಳಿಗೆ ಕಿಟಕಿ ಮುಚ್ಚಿ ಇದ್ದಿಲು ಹಚ್ಚೋ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಇನ್ನೊಂದು ರಗ್ಗು ಹೊದ್ದುಕೊಳ್ಳಿ.